ನೀರು ಬರ್ತಿದೆ, ಸರಿ, ಪ್ರೆಶರ್ ಎಷ್ಟಿದೆ? ಔಟ್‌ಬೋರ್ಡ್ ಮೋಟರ್ ಇಟ್ಟುಕೊಂಡವರಿಗೆ

ನಾನು ಮೂಲತಃ ಪಂಪ್‌ಸೆಟ್ ರಿಪೇರಿಯವನು. ಶ್ರೀರಂಗಪಟ್ಟಣದ ಹತ್ತಿರ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಬೋಟ್ ಮೋಟರ್ ನನ್ನ ಕೈಗೆ ಬಂದದ್ದು ಆಕಸ್ಮಿಕ. ಕೆಆರ್‌ಎಸ್ ಹಿನ್ನೀರಿನಲ್ಲಿ ದೋಣಿ ನಡೆಸುವ ಹುಡುಗನೊಬ್ಬ ಒಂದು ದಿನ 40 ಹೆಚ್‌ಪಿ ಔಟ್‌ಬೋರ್ಡನ್ನು (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಮೋಟರ್) ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದ. "ನೀರೆತ್ತೋ ಮೆಷಿನ್ ಎಲ್ಲಾ ನೋಡ್ತೀಯಲ್ಲಣ್ಣ, ಇದರಲ್ಲೂ ಒಂದು ಪಂಪು ಅದೆ, ನೋಡು" ಅಂದ. ನೋಡಿದೆ. ಅವತ್ತಿನಿಂದ ವರ್ಷಕ್ಕೆ ನಾಲ್ಕೈದು ಬೋಟ್ ಮೋಟರ್ ನನ್ನ ಅಂಗಡಿಗೆ ಬರುತ್ತವೆ.

ಅದೇ ಹುಡುಗನ ಮೋಟರನ್ನು ನಾನೇ ಒಂದು ಸಲ ಸುಟ್ಟಿದ್ದೇನೆ. ಮೇ ತಿಂಗಳು. ಅಣೆಕಟ್ಟಿನ ಪೂರ್ತಿ ಮಟ್ಟ 124.80 ಅಡಿ. ಆ ಸಮಯಕ್ಕೆ ನೀರು ಎಷ್ಟೋ ಕೆಳಗಿಳಿದು, ದಡದಲ್ಲೆಲ್ಲ ಬರೀ ಕೆಸರು. ಸರ್ವಿಸ್ ಮಾಡಿ ದಡದಲ್ಲೇ ಸ್ಟಾರ್ಟ್ ಮಾಡಿದೆವು. ಮೋಟರಿನ ಹಿಂದುಗಡೆ ಪಕ್ಕದ ತೂತಿನಿಂದ ನೀರಿನ ಎಳೆ ಚೆನ್ನಾಗಿಯೇ ಬರುತ್ತಿತ್ತು. (ಆ ತೂತಿಗೆ ದೋಣಿ ಹುಡುಗರು ಇಟ್ಟಿರುವ ಹೆಸರನ್ನು ಇಲ್ಲಿ ಬರೆಯೋದು ಬೇಡ. ಸೂಚಕ ತೂತು ಅಂತ ಕರೆಯೋಣ.) "ನೀರು ಬತ್ತಾ ಅದೆ ಕಣಣ್ಣ, ಹೋಗ್ಲಾ?" ಅಂತ ಕೇಳಿದ. "ಹೋಗು" ಅಂದೆ. ಎಂಟು ಜನ ಕೂತಿದ್ದರು. ನಡುನೀರಿನಲ್ಲಿ ಎಕ್ಸಲರೇಟರ್ ಪೂರ್ತಿ ಎಳೆದಿದ್ದಾನೆ. ಬಣ್ಣ ಸುಟ್ಟ ವಾಸನೆ ಬಂತಂತೆ, ಆಮೇಲೆ ಮೋಟರ್ ಗಕ್ಕನೆ ನಿಂತಿತಂತೆ. ಹುಟ್ಟು ಹಾಕಿಕೊಂಡು ದಡಕ್ಕೆ ಬಂದರು. ಬಿಚ್ಚಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಕಾರಣ ಏನು ಗೊತ್ತಾ? ಕೆಳಗೆ ನೀರು ಒಳಗೆ ಹೋಗುವ ಜಾಲರಿಯ ಹಿಂದೆ ಒಣಗಿದ ಕೆಸರು, ಜಲಕಳೆಯ ಬೇರು, ಒಂದು ತುಂಡು ಬಲೆ ನೂಲು. ಮುಕ್ಕಾಲು ದಾರಿ ಕಟ್ಟಿತ್ತು. ನಿಧಾನಕ್ಕೆ ಓಡುವಾಗ ಮೋಟರಿಗೆ ಬೇಕಾದದ್ದು ಕೊಂಚ ನೀರು, ಅದು ಸಿಗುತ್ತಿತ್ತು. ಪೂರ್ತಿ ಎಳೆದಾಗ ಬೇಕಾದದ್ದು ಸಿಗಲಿಲ್ಲ. ನೀರಿಗಿಳಿದ ಪೈಪಿನ ತುದಿಯ ಫುಟ್‌ವಾಲ್ವ್ ಜಾಲರಿ ಕಟ್ಟಿದ ಪಂಪ್‌ಸೆಟ್ ಥರವೇ. ಇಪ್ಪತ್ತು ವರ್ಷ ಫುಟ್‌ವಾಲ್ವ್ ತೊಳೆದವನಿಗೆ ಇದು ಹೊಳೆಯಲಿಲ್ಲ ಅಂದರೆ ನಾಚಿಕೆಯಾಗಬೇಕು, ಆಯಿತು ಕೂಡ. ಮೋಟರ್ ಹಳೆಯದು, ಬಿಸಿಯಾದರೆ ಕೂಗುವ ಬಜರಿನ ವೈರು ಯಾವತ್ತೋ ಕಿತ್ತುಹೋಗಿತ್ತು. ಓಡುವಾಗ ಹಿಂದೆ ಏಳುವ ನೀರಿನ ಅಬ್ಬರದಲ್ಲಿ ಆ ಸಣ್ಣ ಎಳೆಯನ್ನು ಯಾರು ತಿರುಗಿ ನೋಡುತ್ತಾರೆ?

ಅದಕ್ಕೇ ಈಗ ನೀರಿನ ಪ್ರೆಶರ್ ತೋರಿಸುವ ಗೇಜ್ ಹಾಕದೆ ಯಾವ ಮೋಟರನ್ನೂ ಹೊರಗೆ ಕಳಿಸುವುದಿಲ್ಲ. ಹೇಗೆ ಹಾಕೋದು, ಏನು ನೋಡೋದು ಅಂತ ಹೇಳುತ್ತೇನೆ.

ಮೊದಲು ನೀರಿನ ದಾರಿ ಗೊತ್ತಿರಲಿ. ಪ್ರೊಪೆಲ್ಲರಿನ ಮುಂದೆ, ಗೇರ್‌ಕೇಸಿನ ಪಕ್ಕದಲ್ಲಿ ಜಾಲರಿ. ಅಲ್ಲಿಂದ ನೀರು ಮೇಲಕ್ಕೆ ಪಂಪಿಗೆ. ಪಂಪಿನೊಳಗೆ ರಬ್ಬರ್ ರೆಕ್ಕೆಗಳ ಇಂಪೆಲ್ಲರ್. ಅದನ್ನು ತಿರುಗಿಸುವುದು ಇಂಜಿನ್ನಿನಿಂದ ಗೇರಿಗೆ ಇಳಿಯುವ ಉದ್ದ ಶಾಫ್ಟ್. ಪಂಪಿನಿಂದ ಒಂದು ಪೈಪಿನಲ್ಲಿ ಬ್ಲಾಕಿಗೆ, ಹೆಡ್ಡಿಗೆ, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದುಕೊಳ್ಳುವ ವಾಲ್ವ್) ದಾಟಿ ಹೊಗೆಯ ಜೊತೆ ಹೊರಕ್ಕೆ. ಸೂಚಕ ತೂತಿನ ಎಳೆ ಈ ದಾರಿಯ ನಡುವೆ ಒಡೆದ ಒಂದು ಸಣ್ಣ ಕವಲು ಅಷ್ಟೆ. ಎಷ್ಟೋ ಮೋಟರುಗಳಲ್ಲಿ ನೀರು ಹೆಡ್ ಪೂರ್ತಿ ಸುತ್ತುವ ಮೊದಲೇ ಆ ಕವಲು ಒಡೆಯುತ್ತದೆ. ಅದರಲ್ಲಿ ನೀರು ಬಂದರೆ ಪಂಪ್ ತಿರುಗುತ್ತಿದೆ ಅಂತ ಅರ್ಥ. ಇಂಜಿನ್ ತಣ್ಣಗಿದೆ ಅಂತಲ್ಲ.

ಇಂಪೆಲ್ಲರ್ ಬಗ್ಗೆ ಇನ್ನೊಂದು ಮಾತು. ನಿಧಾನಕ್ಕೆ ತಿರುಗುವಾಗ ಅದರ ರೆಕ್ಕೆಗಳು ಗೋಡೆಗೆ ಒತ್ತಿಕೊಂಡು ನೀರನ್ನು ಬಾಚಿ ತಳ್ಳುತ್ತವೆ. ಜೋರಾದಾಗ ನೀರಿನ ಒತ್ತಡಕ್ಕೇ ರೆಕ್ಕೆ ಒಳಕ್ಕೆ ಬಾಗುತ್ತದೆ. ಆಗ ಅದು ನಮ್ಮ ಗದ್ದೆ ಪಂಪಿನ ಥರ ಬರೀ ಬೀಸಿ ತಳ್ಳುತ್ತದೆ. ಇದು ತಲೆಯಲ್ಲಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಗೇಜ್ ಯಾವುದು? ನಮ್ಮ ಕಡೆ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು 7 ಕೆಜಿ, ಅಂದರೆ 100 ಪಿಎಸ್‌ಐ ಗೇಜ್. (ಕೆಜಿ ಅಂದರೆ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ, ಪಿಎಸ್‌ಐ ಅಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ.) ಅದು ಬೇಡ. ಬೋಟ್ ಮೋಟರಿನಲ್ಲಿ ನಾವು ನೋಡುವುದು ಒಂದೆರಡು ಪಿಎಸ್‌ಐ ವ್ಯತ್ಯಾಸ. ಆ ಗೇಜಿನ ಮುಳ್ಳು ಅಷ್ಟಕ್ಕೆ ಮಿಸುಕುವುದೂ ಇಲ್ಲ. 0ಯಿಂದ 30 ಪಿಎಸ್‌ಐ, ಅಥವಾ 2 ಕೆಜಿ ಗೇಜ್ ಕೇಳಿ ತನ್ನಿ. ಸಣ್ಣ ಮೋಟರಿಗೆ 15ರದ್ದು ಇನ್ನೂ ಒಳ್ಳೆಯದು.

ತಂದ ಗೇಜನ್ನು ಸುಮ್ನೆ ನಂಬಬೇಡಿ. ಹೊಸದೂ ಸುಳ್ಳು ಹೇಳುತ್ತದೆ. ಪರೀಕ್ಷೆ ಮಾಡಲು ದುಡ್ಡು ಬೇಡ, ಗಾರೆ ಕೆಲಸದವರ ಲೆವೆಲ್ ಟ್ಯೂಬ್ ಸಾಕು. 2.3 ಅಡಿ ಎತ್ತರದ ನೀರು ಒಂದು ಪಿಎಸ್‌ಐ ಒತ್ತಡ ಕೊಡುತ್ತದೆ. ಹತ್ತು ಅಡಿಗೆ 4.3, ಇಪ್ಪತ್ಮೂರು ಅಡಿಗೆ 10. ಟ್ಯೂಬಿನ ಕೆಳತುದಿಗೆ ಗೇಜ್ ಕಟ್ಟಿ, ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ಇನ್ನೊಂದು ತುದಿಯನ್ನು ಟೆರೇಸಿಗೆ ಎತ್ತಿ. ಟೇಪ್ ಹಿಡಿದು ಅಳತೆ ಮಾಡಿ. ನನ್ನ ಮೊದಲ ಗೇಜ್ ಹತ್ತು ಅಡಿಗೆ 6 ತೋರಿಸಿತು. ವಾಪಸ್ ಕೊಟ್ಟು ಬೇರೆ ತಂದೆ. ಅಂಗಡಿಯವನ ಮುಖ ನೋಡುವ ಹಾಗಿತ್ತು.

ಇನ್ನು ಎಲ್ಲಿ ಜೋಡಿಸುವುದು? ತುಂಬಾ ಮೋಟರುಗಳ ಹೆಡ್ ಅಥವಾ ಬ್ಲಾಕಿನ ಮೇಲೆ ಇದಕ್ಕೆಂದೇ ಒಂದು ಸಣ್ಣ ಡಮ್ಮಿ ಪ್ಲಗ್ ಇರುತ್ತದೆ. ಅದನ್ನು ಬಿಚ್ಚಿ ನಿಪ್ಪಲ್ ಹಾಕಿ, ಟ್ಯೂಬಿನಿಂದ ಗೇಜಿಗೆ ಸೇರಿಸಿದರೆ ಆಯಿತು. ಆದರೆ ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಆ ಪ್ಲಗ್ ಯಾವುದು ಅಂತ ನೋಡದೆ ಸ್ಪ್ಯಾನರ್ ಹಾಕಬೇಡಿ. ಫೋರ್ ಸ್ಟ್ರೋಕ್ ಮೋಟರಿನಲ್ಲಿ ಆಯಿಲ್ ದಾರಿಯ ಪ್ಲಗ್ಗೂ ನೋಡಲು ಹಾಗೇ ಇರಬಹುದು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಹಳೇ ಪ್ಲಗ್ ಹಿಡಿದುಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಜೋರು ಮಾಡಿ ಥ್ರೆಡ್ ಕಿತ್ತರೆ ಆಮೇಲೆ ಅಳಬೇಕು.

ಪ್ಲಗ್ ಇಲ್ಲದ ಸಣ್ಣ ಮೋಟರಾದರೆ ಸೂಚಕ ತೂತಿಗೆ ಹೋಗುವ ರಬ್ಬರ್ ಹೋಸನ್ನು ಕತ್ತರಿಸಿ ನಡುವೆ ಮೂರು ಬಾಯಿಯ ಟೀ ಜಾಯಿಂಟ್ ಹಾಕಿ, ಮೂರನೇ ಬಾಯಿಗೆ ಗೇಜಿನ ಟ್ಯೂಬ್. ಎರಡೂ ಕಡೆ ಕ್ಲಿಪ್ ಬಿಗಿ ಮಾಡಿ. ಅಲ್ಲಿ ನೀರು ಹರಿದು ಹೊರಗೆ ಹೋಗುತ್ತಿರುವುದರಿಂದ ಬ್ಲಾಕಿನ ಒಳಗಿನ ಪ್ರೆಶರಿಗಿಂತ ಕಮ್ಮಿ ತೋರಿಸುತ್ತದೆ. ತೋರಿಸಲಿ ಬಿಡಿ. ಅದೇ ಮೋಟರಿನ ಹಿಂದಿನ ತಿಂಗಳ ಅಂಕಿಯ ಜೊತೆ ಹೋಲಿಸಲು ಅದೂ ಸಾಕು. ಬೇರೆ ಮೋಟರಿನ ಜೊತೆ ಹೋಲಿಸಬೇಡಿ ಅಷ್ಟೆ.

ಗೇಜನ್ನು ಮೋಟರಿನ ತಲೆಯಷ್ಟೇ ಎತ್ತರಕ್ಕೆ ಕಟ್ಟಿ. ದೋಣಿಯ ತಳದಲ್ಲಿ ಬಿಟ್ಟರೆ ಟ್ಯೂಬಿನ ನೀರಿನ ಭಾರವೇ ಒಂದು ಪಿಎಸ್‌ಐ ಸೇರಿಸಿಬಿಡುತ್ತದೆ. ಮುಳ್ಳು ನಡುಗಿ ನೋಡಲು ಆಗದಿದ್ದರೆ ಟ್ಯೂಬನ್ನು ಒಂದು ಕಡೆ ಅರ್ಧ ಹಿಸುಕಿ ತಂತಿ ಸುತ್ತಿ, ನಿಲ್ಲುತ್ತದೆ.

ಗೇಜೇ ಇಲ್ಲ, ಆದರೂ ನೋಡಬೇಕು ಅಂದರೆ? ಅದಕ್ಕೂ ಲೆವೆಲ್ ಟ್ಯೂಬೇ. ನಾನು ಮೊದಮೊದಲು ಹಾಗೇ ಮಾಡುತ್ತಿದ್ದೆ. ಮೋಟರನ್ನು 200 ಲೀಟರ್ ಡ್ರಮ್ಮಿನಲ್ಲಿ ಇಳಿಸಿ, ಟ್ಯೂಬಿನ ಒಂದು ತುದಿಯನ್ನು ಪ್ಲಗ್ ಜಾಗಕ್ಕೆ ಸೇರಿಸಿ, ಇನ್ನೊಂದು ತುದಿಯನ್ನು ಉದ್ದ ಬಿದಿರಿಗೆ ಕಟ್ಟಿ ನೆಟ್ಟಗೆ ನಿಲ್ಲಿಸುವುದು. ನ್ಯೂಟ್ರಲ್ಲಿನಲ್ಲಿ ಐಡಲ್, ಅಂದರೆ ಎಕ್ಸಲರೇಟರ್ ಕೊಡದೆ ಓಡಿಸಿದರೆ ನೀರು ಟ್ಯೂಬಿನಲ್ಲಿ ಏರಿ ಒಂದು ಕಡೆ ನಿಲ್ಲುತ್ತದೆ. ಮೇಲೆ ಹೇಳಿದ ಆ ಮೋಟರಿನಲ್ಲಿ ಮೂರೂವರೆ ಅಡಿ ನಿಲ್ಲುತ್ತಿತ್ತು, ಅಂದರೆ ಒಂದೂವರೆ ಪಿಎಸ್‌ಐ. ಐಡಲ್ಲಿಗೆ ಮಾತ್ರ ಈ ಆಟ. ಎಕ್ಸಲರೇಟರ್ ಕೊಟ್ಟರೆ ಬಿಸಿನೀರು ಬಿದಿರಿನ ತುದಿಯಿಂದ ನಿಮ್ಮ ತಲೆ ಮೇಲೆ ಬೀಳುತ್ತದೆ.

ಡ್ರಮ್ಮಿನಲ್ಲಿ ಓಡಿಸುವ ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ಇದರಲ್ಲಿ ಚೌಕಾಸಿ ಇಲ್ಲ. ನೀರು ಜಾಲರಿಯ ಮೇಲೆ ಪಂಪಿನ ಮಟ್ಟದವರೆಗೂ ಇರಬೇಕು. ಒಂದು ಕ್ಷಣವೂ ಒಣಗಿದ ಪಂಪ್ ಓಡಿಸಬೇಡಿ. "ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ನೆಲದ ಮೇಲೆ ಅರ್ಧ ನಿಮಿಷ ಓಡಿಸಿ ರೆಕ್ಕೆ ಸುಟ್ಟುಕೊಂಡು ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರಬ್ಬರಿಗೆ ನೀರೇ ಎಣ್ಣೆ.

ಜಾಲರಿಯ ಮೇಲೆ ರಬ್ಬರ್ ಬಟ್ಟಲು ಸಿಕ್ಕಿಸಿ ನಲ್ಲಿ ನೀರು ಬಿಡುವ ಸಾಧನ ಬರುತ್ತದೆ. ತೊಳೆಯಲು ಅದು ಒಳ್ಳೆಯದು. ಪ್ರೆಶರ್ ನೋಡಲು ಪ್ರಯೋಜನವಿಲ್ಲ. ನಲ್ಲಿಯ ಪ್ರೆಶರ್ ಸೇರಿಕೊಂಡು ಗೇಜ್ ಏನೇನೋ ಹೇಳುತ್ತದೆ. ನೀರೆತ್ತುವ ಪಂಪ್‌ಸೆಟ್ಟಿನ ಹೋಸ್ ಹಾಕಿದರೆ ಜಾಸ್ತಿ, ಮನೆ ಮೇಲಿನ ಟ್ಯಾಂಕಿನಿಂದ ಬಿಟ್ಟರೆ ನೀರೇ ಸಾಲದು.

ನಿಜವಾದ ಪರೀಕ್ಷೆ ಹೊಳೆಯಲ್ಲೋ ಹಿನ್ನೀರಿನಲ್ಲೋ, ದೋಣಿ ಓಡುವಾಗಲೇ. ಇಬ್ಬರು ಬೇಕು. ಒಬ್ಬ ಓಡಿಸಲಿ, ಒಬ್ಬ ಗೇಜ್ ನೋಡಿ ಬರೆಯಲಿ. ಇಬ್ಬರೂ ಲೈಫ್ ಜಾಕೆಟ್ ಹಾಕಿ. ಓಡಿಸುವವನು ಮೋಟರ್ ನಿಲ್ಲಿಸುವ ದಾರವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಲಿ. ಗೇಜ್ ನೋಡುತ್ತಾ ಮುಂದಿರುವ ಬಂಡೆ ನೋಡದವರಿದ್ದಾರೆ. ಕಬಿನಿ ಕಡೆಯವರಂತೂ ಜಾಗ್ರತೆ, ಆ ಹಿನ್ನೀರಿನಲ್ಲಿ ಒಣಮರದ ಬೊಡ್ಡೆಗಳು ಎಲ್ಲೆಂದರಲ್ಲಿ ನಿಂತಿವೆ.

ಮೊದಲು ಐದು-ಹತ್ತು ನಿಮಿಷ ನಿಧಾನಕ್ಕೆ ಓಡಿಸಿ ಬಿಸಿ ಮಾಡಿ. ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ, ಪ್ರೆಶರ್ ಜಾಸ್ತಿ ತೋರಿಸುತ್ತದೆ. ಬಿಸಿಯಾಗಿ ಅದು ತೆರೆದಾಗ ಮುಳ್ಳು ಸ್ವಲ್ಪ ಇಳಿಯುತ್ತದೆ. ಆ ಇಳಿತವನ್ನು ಕಣ್ಣಾರೆ ನೋಡಿದರೆ ಥರ್ಮೋಸ್ಟಾಟ್ ಕೆಲಸ ಮಾಡುತ್ತಿದೆ ಅಂತ ಬೋನಸ್ಸಾಗಿ ಗೊತ್ತಾಯಿತು. ಆಮೇಲೆ ಐಡಲ್, ನಿಮಿಷಕ್ಕೆ 2000 ಸುತ್ತು, 3000, ಕೊನೆಗೆ ಪೂರ್ತಿ. ಪ್ರತಿಯೊಂದರಲ್ಲೂ ಅರ್ಧ ನಿಮಿಷ ನಿಂತು ಬರೆಯಿರಿ. ಸುತ್ತು ತೋರಿಸುವ ಮೀಟರ್ ಇಲ್ಲವಾ? ಹ್ಯಾಂಡಲ್ಲಿನ ಹಿಡಿಯ ಮೇಲೆ ಗುರುತು ಹಾಕಿ. ನಾವು ಹಾಕಿರುವುದು ನನ್ನ ಮಗಳ ನೇಲ್ ಪಾಲಿಶ್. ಎರಡು ವರ್ಷವಾದರೂ ಅಳಿಸಿಲ್ಲ.

ಆ ಹುಡುಗನ ಮೋಟರಿನ ಲೆಕ್ಕ ಪಿಎಸ್‌ಐನಲ್ಲಿ ಹೇಳುತ್ತೇನೆ. ಐಡಲ್ 1.5, 2000ಕ್ಕೆ 4, 3000ಕ್ಕೆ ಆರೂವರೆ, ಪೂರ್ತಿ ಎಳೆದರೆ 12. ಇದು ನಿಮ್ಮ ಮೋಟರಿಗೆ ಅನ್ವಯಿಸುವುದಿಲ್ಲ. ಕಂಪನಿ ಪುಸ್ತಕದಲ್ಲಿ ಅಂಕಿ ಇದ್ದರೆ ಅದೇ ದೇವರು. ಇಲ್ಲದಿದ್ದರೆ ಹೊಸ ಇಂಪೆಲ್ಲರ್ ಹಾಕಿದ ದಿನ ಬಂದ ಅಂಕಿಯನ್ನು ಇಟ್ಟುಕೊಳ್ಳಿ. ನಾನು ಮೋಟರಿಗೆ ಒಂದರಂತೆ ಹಾಳೆ ಮಾಡಿ, ತಾರೀಖು, ಎಷ್ಟು ಜನ ಕೂತಿದ್ದರು, ನೀರು ತಿಳಿಯಾಗಿತ್ತಾ ರಾಡಿಯಾಗಿತ್ತಾ ಅಂತ ಬರೆದಿಡುತ್ತೇನೆ.

ಪಿಸ್ಟನ್ ಹೊಸದು ಹಾಕಿದ ಮೇಲೆ ಒಂದು ಪ್ರಯೋಗ ಮಾಡಿದೆ. ಜಾಲರಿಯ ಮುಕ್ಕಾಲು ಭಾಗಕ್ಕೆ ಟೇಪ್ ಅಂಟಿಸಿ ನೀರಿಗಿಳಿಸಿದೆವು. ಐಡಲ್ಲಿನಲ್ಲಿ ಅದೇ 1.5. ಸೂಚಕ ತೂತಿನಲ್ಲೂ ಅದೇ ಚೆಂದದ ಎಳೆ. ಪೂರ್ತಿ ಎಳೆದರೆ ಮುಳ್ಳು 5 ದಾಟಲಿಲ್ಲ. ಕೆಲವೇ ಸೆಕೆಂಡ್ ನೋಡಿ ತಕ್ಷಣ ಇಳಿಸಿದೆ. ಹುಡುಗ ಗೇಜ್ ನೋಡಿದ, ನನ್ನ ಮುಖ ನೋಡಿದ. "ಅವತ್ತು ಇದೇ ಆಗಿತ್ತಾ ಅಣ್ಣ?" ಅಂದ. ಇದೇ. (ನೀವು ಇದನ್ನು ಮಾಡಲು ಹೋಗಬೇಡಿ. ನನಗೆ ಮನಸ್ಸು ತಡೆಯಲಿಲ್ಲ, ಮಾಡಿದೆ.)

ಐಡಲ್ಲಿಗೆ ಸರಿಯಿದ್ದು ಜೋರಾದಾಗ ಏರದಿದ್ದರೆ ಮೊದಲು ಜಾಲರಿ ನೋಡಿ. ಹೊರಗಿನಿಂದ ಚೊಕ್ಕವಾಗಿ ಕಂಡರೂ ಒಳಗೆ ಕಟ್ಟಿರಬಹುದು. ಜಾಲರಿ ಬಿಚ್ಚಲು ಬಂದರೆ ಬಿಚ್ಚಿ. ಕೊಡಗಿನಲ್ಲಿ ಮಳೆ ಹಿಡಿದು ಹೊಸ ನೀರು ಬರುವಾಗ ಕೆಂಪು ರಾಡಿಯ ಜೊತೆ ಕಡ್ಡಿ, ಎಲೆ ಎಲ್ಲಾ ಬರುತ್ತದೆ. ಆಗಂತೂ ದಿನಾ ನೋಡಬೇಕು. ಜಾಲರಿ ಸರಿ ಇದ್ದೂ ಮುಳ್ಳು ಜೋರಿನಲ್ಲಿ ಕುಣಿಯುತ್ತಿದ್ದರೆ ಮೋಟರ್ ತೀರಾ ಎತ್ತರಕ್ಕೆ ಕೂತು ನೀರಿನ ಜೊತೆ ಗಾಳಿ ಎಳೆಯುತ್ತಿರಬಹುದು. ತಿರುವಿನಲ್ಲಿ ಮಾತ್ರ ಬಿದ್ದು ಆಮೇಲೆ ಏರಿದರೂ ಅದೇ. ಮೋಟರನ್ನು ಇಳಿಸಿ, ಅಥವಾ ಹಿಂದಕ್ಕೆ ಬಾಗಿಸಿರುವುದನ್ನು ಕಮ್ಮಿ ಮಾಡಿ ನೋಡಿ.

ಐಡಲ್ಲಿಗೇ ಕಮ್ಮಿ, ಜೋರಾದಾಗ ಪರವಾಗಿಲ್ಲ ಅನ್ನಿಸಿದರೆ ಇಂಪೆಲ್ಲರ್ ಮೇಲೆ ಅನುಮಾನ ಪಡಿ. ಮೊದಲೇ ಹೇಳಿದೆನಲ್ಲ, ನಿಧಾನದಲ್ಲಿ ರೆಕ್ಕೆ ಗೋಡೆಗೆ ಒತ್ತಬೇಕು. ರಬ್ಬರ್ ಗಟ್ಟಿಯಾಗಿ ಬಾಗಿದ ರೂಪದಲ್ಲೇ ನಿಂತುಬಿಟ್ಟರೆ ಒತ್ತುವುದಿಲ್ಲ. ಎಲ್ಲಾ ವೇಗದಲ್ಲೂ ಕಮ್ಮಿಯಾದರೆ ರೆಕ್ಕೆ ಮುರಿದಿರಬಹುದು, ಪಂಪಿನ ತಟ್ಟೆಯನ್ನು ಮರಳು ಕೆರೆದಿರಬಹುದು, ಮೇಲಿನ ಪೈಪ್ ಕೂರುವ ರಬ್ಬರ್ ಸೀಲ್ ಸೋರುತ್ತಿರಬಹುದು. ಇಂಪೆಲ್ಲರ್ ಮಾತ್ರ ಬದಲಿಸಿ ಗೆರೆಬಿದ್ದ ತಟ್ಟೆಯನ್ನು ಹಾಗೇ ಬಿಟ್ಟರೆ ದುಡ್ಡು ದಂಡ.

ಪ್ರೆಶರ್ ಮಾಮೂಲಿಗಿಂತ ಜಾಸ್ತಿ, ಆದರೂ ಇಂಜಿನ್ ಬಿಸಿ ಅಂದರೆ ಖುಷಿಪಡಬೇಡಿ. ಪಂಪ್ ತಳ್ಳುತ್ತಿದೆ, ಮುಂದಿನ ದಾರಿ ಕಟ್ಟಿದೆ. ಹೆಚ್ಚಾಗಿ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿರುತ್ತದೆ. ಅದನ್ನು ಬಿಚ್ಚಿ ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಥರ್ಮಾಮೀಟರ್ ಇಟ್ಟು ಎಷ್ಟಕ್ಕೆ ಬಾಯಿ ಬಿಡುತ್ತದೆ ನೋಡಿ. ಎಷ್ಟಕ್ಕೆ ತೆರೆಯಬೇಕು ಅನ್ನುವುದನ್ನು ಎಷ್ಟೋ ಸಲ ಅದರ ಮೇಲೇ ಕೊರೆದಿರುತ್ತಾರೆ. ನಾನು ಸಾರಿನ ಪಾತ್ರೆಯಲ್ಲಿ ಕಾಯಿಸಿ ಮನೆಯವಳ ಹತ್ತಿರ ಬೈಸಿಕೊಂಡಿದ್ದೇನೆ. ಹಳೇ ಪಾತ್ರೆ ತೊಗೊಳ್ಳಿ. ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೆ ಐಡಲ್ ಪ್ರೆಶರ್ ಕಮ್ಮಿ, ಇಂಜಿನ್ ಬಿಸಿಯೇ ಆಗುವುದಿಲ್ಲ. ಅದೂ ಒಳ್ಳೆಯದಲ್ಲ, ಹಾಗಂತ ಅರ್ಜೆಂಟೂ ಅಲ್ಲ.

ದೊಡ್ಡ ಮೋಟರುಗಳಲ್ಲಿ ಇನ್ನೊಂದು ಸ್ಪ್ರಿಂಗ್ ವಾಲ್ವ್ ಇರುತ್ತದೆ. ಕುಕ್ಕರಿನ ವಿಸಿಲ್ ಇದ್ದಂತೆ, ಪ್ರೆಶರ್ ಒಂದು ಮಟ್ಟಕ್ಕೆ ಬಂದಾಗ ಎದ್ದು ಜಾಸ್ತಿ ನೀರು ಬಿಡುತ್ತದೆ. ವೇಗ ಏರಿಸುವಾಗ ಮುಳ್ಳು ಒಂದು ಕಡೆ ತಡೆದು, ಕೊಂಚ ಜಗ್ಗಿ, ಮತ್ತೆ ಏರಿದರೆ ಗಾಬರಿ ಬೇಡ.

ಸೂಚಕ ತೂತಿನಲ್ಲಿ ನೀರಿಲ್ಲ, ಗೇಜಿನಲ್ಲಿ ಮಾತ್ರ ಪ್ರೆಶರ್ ಸರಿಯಿದೆ. ಇದು ತಮಾಷೆಯ ಕೇಸು. ಮೋಟರ್ ನಾಲ್ಕು ವಾರ ಸುಮ್ಮನೆ ನಿಂತಿದ್ದರೆ ಮಣ್ಣಿನ ಗೂಡು ಕಟ್ಟುವ ಕಣಜ ಆ ತೂತಿನಲ್ಲಿ ಮನೆ ಮಾಡಿರುತ್ತದೆ. ಮೋಟರ್ ನಿಲ್ಲಿಸಿ, ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ತೂರಿಸಿ ಆಡಿಸಿ. ಕಬ್ಬಿಣದ ತಂತಿ ಬೇಡ, ಹೋಸ್ ಹರಿಯುತ್ತದೆ.

ಇಂಪೆಲ್ಲರ್ ಬದಲಿಸುವುದನ್ನು ಪೂರ್ತಿ ಬರೆದರೆ ಅದೇ ಒಂದು ಪಾಠವಾಗುತ್ತದೆ. ಎಡವುವ ಜಾಗಗಳನ್ನು ಮಾತ್ರ ಹೇಳುತ್ತೇನೆ. ಗೇರ್‌ಕೇಸ್ ಇಳಿಸುವ ಮೊದಲು ಗೇರಿನ ರಾಡ್ ಬಿಚ್ಚಿದ್ದೀರಾ ನೋಡಿ. ಶಾಫ್ಟಿನ ಸಣ್ಣ ಕೀ ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ, ಕೆಳಗೆ ಬಟ್ಟೆ ಹಾಸಿ. ಹೊಸದಕ್ಕೆ ಸೋಪಿನ ನೀರು ಸವರಿ, ಶಾಫ್ಟನ್ನು ಅದು ಓಡುವ ದಿಕ್ಕಿಗೇ ತಿರುಗಿಸುತ್ತಾ ಮೇಲಿನ ಕವರ್ ಕೂರಿಸಿ, ರೆಕ್ಕೆ ಸರಿಯಾಗಿ ಬಾಗುತ್ತದೆ. ಹಳೆಯದರ ರೆಕ್ಕೆಗಳನ್ನು ಎಣಿಸಿ. ಒಂದು ತುಂಡು ಕಮ್ಮಿಯಿದ್ದರೂ ಹುಡುಕಲೇಬೇಕು. ಅದು ಮೇಲಿನ ಪೈಪಿನಲ್ಲೋ ಬ್ಲಾಕಿನಲ್ಲೋ ಸಿಕ್ಕಿಕೊಂಡಿರುತ್ತದೆ, ಹೊಸ ಇಂಪೆಲ್ಲರ್ ಹಾಕಿದರೂ ನೀರಿನ ದಾರಿ ಕಟ್ಟುತ್ತದೆ. ತಿಳಿನೀರಿನಲ್ಲಿ ಎರಡು ಮೂರು ವರ್ಷ ಬರಬಹುದು. ಬೇಸಿಗೆಯ ಕೆಸರು ನೀರಿನಲ್ಲಿ ಓಡಿಸುವವರು ವರ್ಷಕ್ಕೊಮ್ಮೆ ತೆಗೆದು ನೋಡಿ.

ಕಳೆದ ತಿಂಗಳು ರಾತ್ರಿ ಊಟಕ್ಕೆ ಕೂತಿದ್ದೆ. ಆ ಹುಡುಗನ ಫೋನ್.

"ಅಣ್ಣಾ, ಒಂದೂವರೆ ಇದ್ದದ್ದು ಒಂದಕ್ಕೆ ಬಂದದೆ."

"ತೂತಲ್ಲಿ ನೀರು?"

"ಚೆನ್ನಾಗೇ ಬತ್ತಾ ಅದೆ ಕಣಣ್ಣ."

"ಜಾಲರಿ ನೋಡಿದ್ಯಾ?"

"ಬಿಚ್ಚಿ ತೊಳೆದೆ. ಒಂದೇ ತೋರಿಸ್ತಾ ಅದೆ."

"ನಾಳೆ ಓಡಿಸಬೇಡ. ತಗೊಂಡು ಬಾ, ಕಳಚನ."

ಬೆಳಿಗ್ಗೆ ಬಿಚ್ಚಿದೆವು. ಆರು ರೆಕ್ಕೆಯೂ ಇದ್ದವು. ಎರಡರ ಬುಡದಲ್ಲಿ ಉಗುರು ಇಳಿಯುವಷ್ಟು ಬಿರುಕು.